ಗಾಳಿಗೆ ಎಷ್ಟು ಬಿಡಬೇಕು?

ಲೆಕ್ಕದಿಂದಲೇ ಶುರು ಮಾಡುತ್ತೇನೆ. 7.62 ಮಿಲಿಮೀಟರ್ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ನಳಿಗೆ ಬಿಟ್ಟು ಹೊರಡುತ್ತದೆ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಗುರಿ ಹೊಂದಿಸಿದ ಕೋವಿಯಿಂದ ಹಾರಿದ ಆ ಗುಂಡು ಒಂದು ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಗುರಿಯ ಗೆರೆಗಿಂತ ಹನ್ನೆರಡು ಹದಿಮೂರು ಮೀಟರ್ ಕೆಳಗೆ ಬಿದ್ದಿರುತ್ತದೆ. ಅದೇ ಹಾರಾಟದಲ್ಲಿ ಸೆಕೆಂಡಿಗೆ 4 ಮೀಟರಿನ ಅಡ್ಡಗಾಳಿ, ಅಂದರೆ ಎಲೆಗಳನ್ನೂ ಸಣ್ಣ ರೆಂಬೆಗಳನ್ನೂ ಬಿಡುವಿಲ್ಲದೆ ಅಲ್ಲಾಡಿಸುವಷ್ಟು ಗಾಳಿ, ಅದನ್ನು ಪಕ್ಕಕ್ಕೆ ಸರಿಸುವುದು ಸುಮಾರು ಮೂರು ಮೀಟರ್. ಈ ಎರಡರಲ್ಲಿ ಗುರಿಕಾರನನ್ನು ಕೆಡಿಸುವುದು ಯಾವುದು ಎಂದು ಕೇಳಿದರೆ, ಹದಿಮೂರಕ್ಕೂ ಮೂರಕ್ಕೂ ಇರುವ ಅಂತರ ನೋಡಿ ಯಾರಾದರೂ ಬೀಳುವಿಕೆಯತ್ತಲೇ ಬೆರಳು ತೋರಿಸುತ್ತಾರೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಆ ಹದಿಮೂರು ಮೀಟರ್ ಎಂದೋ ಬಗೆಹರಿದ ಲೆಕ್ಕ. ಈ ಮೂರು ಮೀಟರ್ ಇಂದಿಗೂ ಅಂದಾಜು. ದೂರದ ಗುರಿಯ ಕೌಶಲವೆಲ್ಲ ಈ ಅಂದಾಜಿನಲ್ಲೇ ಇದೆ. ಒಳ್ಳೆಯ ಕಣ್ಣು, ನಡುಗದ ಕೈ, ದುಬಾರಿ ದೂರದರ್ಶಕ, ಇವು ಅದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲು ಕೋನದ ವಿಷಯ, ಏಕೆಂದರೆ ತಿದ್ದುವುದಕ್ಕೆ ಕೋವಿಯವನಿಗೆ ಇರುವ ಉಪಾಯ ಅದೊಂದೇ. ಗುಂಡು ಎಷ್ಟು ಮೀಟರ್ ಬಿದ್ದಿತು, ಎಷ್ಟು ಮೀಟರ್ ಸರಿಯಿತು ಎನ್ನುವುದು ಗುರಿಹಲಗೆಯ ಹತ್ತಿರದ ಮಾತು. ಕೋವಿಯ ಹತ್ತಿರ ಮಾಡಬಹುದಾದದ್ದು ನಳಿಗೆಯನ್ನು ಕೂದಲೆಳೆಯಷ್ಟು ಮೇಲಕ್ಕೋ ಪಕ್ಕಕ್ಕೋ ತಿರುಗಿಸುವುದು. ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟ್, ಅಲ್ಲಿಗೆ ಒಂದು ಸುತ್ತಿಗೆ 21,600 ಮಿನಿಟ್. ಇಂಥ ಒಂದು ಮಿನಿಟ್ ಕೋನ ನೂರು ಮೀಟರ್ ದೂರದಲ್ಲಿ 29 ಮಿಲಿಮೀಟರ್ ಅಗಲವಾಗುತ್ತದೆ, ಸಾವಿರ ಮೀಟರಿನಲ್ಲಿ 29 ಸೆಂಟಿಮೀಟರ್. ಇನ್ನೊಂದು ಅಳತೆ ಮಿಲ್. ದೂರದ ಸಾವಿರದ ಒಂದು ಪಾಲು ಎಂಬುದೇ ಅದರ ಅರ್ಥ. ನೂರು ಮೀಟರಿಗೆ ಹತ್ತು ಸೆಂಟಿಮೀಟರ್, ಸಾವಿರ ಮೀಟರಿಗೆ ಒಂದು ಮೀಟರ್. ದೂರದರ್ಶಕದ ತಿರುಪನ್ನು ಒಮ್ಮೆ ಕಟಕ್ ಎನಿಸಿದರೆ ಸಾಮಾನ್ಯವಾಗಿ ಮಿಲ್‌ನ ಹತ್ತನೇ ಒಂದು ಪಾಲೋ ಮಿನಿಟಿನ ಕಾಲು ಪಾಲೋ ಸರಿಯುತ್ತದೆ. ಮಿನಿಟ್ ಮೇಲೋ ಮಿಲ್ ಮೇಲೋ ಎಂದು ಕೋವಿ ಹಿಡಿಯುವವರ ನಡುವೆ ನಡೆಯುವ ಜಗಳಕ್ಕೆ ಇಲ್ಲಿ ಸಮಯ ಕೊಡುವುದಿಲ್ಲ. ತಿರುಪೂ ಗಾಜಿನೊಳಗಿನ ಗೆರೆಗಳೂ ಒಂದೇ ಅಳತೆಯಲ್ಲಿದ್ದರೆ ಸಾಕು. ಮೀಟರಿನಲ್ಲೇ ಲೆಕ್ಕ ಕಲಿತ ನಮ್ಮ ಮಕ್ಕಳಿಗೆ ಮಿಲ್ ಸುಲಭ, ಅಷ್ಟೇ.

ಕೋನವನ್ನು ನಂಬಿ ದೂರವನ್ನು ಗೆಲ್ಲುವುದು ಈ ನಾಡಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷವೇ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಆಮೇಲೆ ನಡೆದದ್ದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಥಿಯೊಡೊಲೈಟ್ ತಿರುಗಿಸಿ ಕೋನ ಓದುವ ಕೆಲಸ. ಒಂದು ಬಾಹುವಿನ ಉದ್ದ ಗೊತ್ತಿದ್ದು ಕೋನಗಳು ಸರಿಯಿದ್ದರೆ ಉಳಿದ ನೂರಾರು ಮೈಲಿ ಕಾಗದದ ಮೇಲೇ ಸಿಗುತ್ತದೆ. ಬೆಳಕಿಗೆ ಅಡ್ಡಗಾಳಿ ತಾಗುವುದಿಲ್ಲವಾದ್ದರಿಂದ ಲ್ಯಾಂಬ್ಟನ್ನನ ಕೋನ ಅಷ್ಟಕ್ಕೇ ಪೂರ್ತಿಯಾಯಿತು. ಗುಂಡಿನ ಕೋನ ಹಾಗೆ ಪೂರ್ತಿಯಾಗುವುದಿಲ್ಲ. ಬೀಳುವಿಕೆಯ ಮಟ್ಟಿಗೆ ಮಾತ್ರ ಅದೂ ಲ್ಯಾಂಬ್ಟನ್ನನ ದಾರಿಯಲ್ಲೇ ನಡೆಯುತ್ತದೆ: ಭೂಮಿಯ ಎಳೆತ ನಿನ್ನೆಯಂತೆ ಇಂದು, ಹುಣಸೂರಿನಂತೆ ಕೃಷ್ಣರಾಜನಗರದಲ್ಲಿ. ಒಮ್ಮೆ ಹೊಡೆದು ನೋಡಿ, ದೂರ ಇಷ್ಟಾದರೆ ಇಷ್ಟು ಮಿಲ್ ಎಂದು ಪಟ್ಟಿ ಬರೆದಿಟ್ಟರೆ ಆ ಪಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಬಿಸಿಲಿಗೂ ಸಮುದ್ರಮಟ್ಟದಿಂದ ಇರುವ ಎತ್ತರಕ್ಕೂ ಸಣ್ಣ ತಿದ್ದುಪಡಿ ಬೇಕಾದೀತು, ಅದೂ ಲೆಕ್ಕವೇ.

ಗಾಳಿಗೆ ಇಂಥ ಪಟ್ಟಿ ಏಕಿಲ್ಲ ಎಂಬುದನ್ನು ನೋಡುವ ಮೊದಲು, ಗಾಳಿ ಗುಂಡಿಗೆ ಏನು ಮಾಡುತ್ತದೆ ಎಂದು ತಿಳಿಯಬೇಕು. ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗುವ ಸೀಸ ತಾಮ್ರದ ತುಂಡಿಗೆ ಎಲೆ ಅಲುಗಿಸುವ ಗಾಳಿ ಯಾವ ಲೆಕ್ಕ ಎಂದು ಕೇಳುತ್ತಾರೆ. ಗಾಳಿ ಗುಂಡಿನ ಪಕ್ಕೆಗೆ ಹೊಡೆದು ತಳ್ಳುತ್ತದೆ ಎಂದು ಊಹಿಸಿಕೊಂಡರೆ ಈ ಪ್ರಶ್ನೆ ಸರಿಯೇ. ನಡೆಯುವುದು ಬೇರೆ. ತಿರುಗುತ್ತ ಹಾರುವ ಗುಂಡು ತನಗೆ ಎದುರಾಗುವ ಗಾಳಿಯ ಕಡೆಗೆ ಮೂತಿಯನ್ನು ತುಸುವೇ ತಿರುಗಿಸಿಕೊಳ್ಳುತ್ತದೆ. ಗಾಳಿಯ ತಡೆ ಆಗ ನೇರ ಹಿಂದಕ್ಕೆ ಎಳೆಯದೆ ಸ್ವಲ್ಪ ಓರೆಯಾಗಿ ಎಳೆಯುತ್ತದೆ. ಪಕ್ಕಕ್ಕೆ ಸರಿಯುವುದು ಈ ಓರೆಯಿಂದ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಫಿರಂಗಿ ಪಂಡಿತ ಡಿಡಿಯಾನ್ ಇದಕ್ಕೊಂದು ಸರಳ ಸೂತ್ರ ಕೊಟ್ಟ: ಗುಂಡಿಗೆ ಗುರಿ ಮುಟ್ಟಲು ಹಿಡಿದ ಕಾಲದಿಂದ, ಗಾಳಿಯೇ ಇಲ್ಲದ ಶೂನ್ಯದಲ್ಲಿ ಹಿಡಿಯುತ್ತಿದ್ದ ಕಾಲವನ್ನು ಕಳೆಯಿರಿ, ಉಳಿದ ವಿಳಂಬವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿರಿ, ಸರಿದ ದೂರ ಅದೇ. ಮೊದಲು ಹೇಳಿದ ಗುಂಡಿಗೆ 300 ಮೀಟರಿನಲ್ಲಿ ವಿಳಂಬ ಸೆಕೆಂಡಿನ ನೂರರಲ್ಲಿ ಐದು ಪಾಲು, 600 ಮೀಟರಿನಲ್ಲಿ ಇಪ್ಪತ್ನಾಲ್ಕು ಪಾಲು, ಸಾವಿರದಲ್ಲಿ ಎಪ್ಪತ್ತೆರಡು ಪಾಲಿನಷ್ಟು. ನಾಲ್ಕರಿಂದ ಗುಣಿಸಿ ನೋಡಿ: 20 ಸೆಂಟಿಮೀಟರ್, 96 ಸೆಂಟಿಮೀಟರ್, 2 ಮೀಟರ್ 88 ಸೆಂಟಿಮೀಟರ್. ದೂರ ಎರಡು ಪಟ್ಟಾದರೆ ಸರಿತ ನಾಲ್ಕು ಪಟ್ಟನ್ನೂ ಮೀರಿತು. ಕೋನದಲ್ಲಿ ಹೇಳಿದರೂ ಅದು ನಿಂತಲ್ಲಿ ನಿಲ್ಲುವುದಿಲ್ಲ; 300ರಲ್ಲಿ ಮುಕ್ಕಾಲು ಮಿಲ್‌ಗೂ ಕಡಿಮೆ ಇದ್ದದ್ದು ಸಾವಿರದಲ್ಲಿ ಮೂರು ಮಿಲ್‌ಗೆ ಬಂದಿರುತ್ತದೆ.

ವೇಗವೇ ಗಾಳಿಗೆ ಮದ್ದು ಎಂಬ ನಂಬಿಕೆಯನ್ನು .22 ಬೋರಿನ ಸಣ್ಣ ತೋಟಾ ಸುಳ್ಳು ಮಾಡುತ್ತದೆ. ಶಬ್ದದ ವೇಗಕ್ಕಿಂತ ಕಡಿಮೆ ವೇಗದ ಪಂದ್ಯದ ತೋಟಾಗಿಂತ ಶಬ್ದವನ್ನು ಮೀರಿ ಹೊರಡುವ ವೇಗದ ತೋಟಾ ಅಡ್ಡಗಾಳಿಯಲ್ಲಿ ಹೆಚ್ಚು ಸರಿಯುತ್ತದೆ. ಶಬ್ದದ ಗಡಿಯ ಸುತ್ತಮುತ್ತ ಗಾಳಿಯ ತಡೆ ಥಟ್ಟನೆ ಏರುವುದರಿಂದ ಅದು ತನ್ನ ವೇಗವನ್ನು ಬೇಗ ಕಳೆದುಕೊಳ್ಳುತ್ತದೆ, ವಿಳಂಬ ಹೆಚ್ಚುತ್ತದೆ. ನಿಧಾನದ್ದು ಕಡಿಮೆ ಕಳೆದುಕೊಳ್ಳುತ್ತದೆ. ಲೆಕ್ಕಕ್ಕೆ ಬರುವುದು ಕಳೆದದ್ದು. ದೂರ ಎಂಬ ಮಾತಿಗೂ ಇದರಿಂದ ಅರ್ಥ ಬದಲಾಗುತ್ತದೆ. ನಾಗರಹೊಳೆಯ ಅಂಚಿನಲ್ಲಿ ಕಾಡಾನೆಗೆ ಅರಿವಳಿಕೆ ಹೊಡೆಯುವ ಪಶುವೈದ್ಯರು ಹಾರಿಸುವ ಬಾಲವಿರುವ ಸೂಜಿಬಾಣ ಕೆಲವೇ ಹತ್ತು ಮೀಟರ್ ಹೋಗುವುದಾದರೂ ನಿಧಾನ, ದಪ್ಪ, ತಡೆ ಹೆಚ್ಚು. ಆ ಮೂವತ್ತು ನಲವತ್ತು ಮೀಟರಿನಲ್ಲೇ ಅವರು ಗಾಳಿ ನೋಡಬೇಕಾಗುತ್ತದೆ.

ಈಗ ಅಂದಾಜಿನ ಕಷ್ಟಕ್ಕೆ ಬರೋಣ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಪಂದ್ಯದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್; ಅಲ್ಲಿಂದ ಹೊರಕ್ಕೆ ಒಂದೊಂದು ಅಂಕಕ್ಕೆ 8 ಮಿಲಿಮೀಟರ್. ಸೆಕೆಂಡಿಗೆ ಒಂದು ಮೀಟರಿನ ಅಡ್ಡಗಾಳಿ .22 ಗುಂಡನ್ನು ಆ ದೂರದಲ್ಲಿ ಸುಮಾರು 6 ಮಿಲಿಮೀಟರ್ ಸರಿಸುತ್ತದೆ. ಗುಂಡಿನ ಅಂಚು ಗೆರೆ ತಾಗಿದರೂ ಅಂಕ ಸಿಗುವುದರಿಂದ ಗುಂಡಿನ ಅರ್ಧ ದಪ್ಪವನ್ನೂ ಸೇರಿಸಿಕೊಂಡರೆ, ಸೆಕೆಂಡಿಗೆ 1.3 ಮೀಟರ್ ಗಾಳಿ ಸಾಕು, ನಟ್ಟನಡುವಿಗೆ ಹಿಡಿದ ಗುಂಡು ಹತ್ತರಿಂದ ಒಂಬತ್ತಕ್ಕೆ ಇಳಿಯಲು. ಈಗ ಹಡಗಿನವರ ಬ್ಯೂಫರ್ಟ್ ಗಾಳಿಪಟ್ಟಿ ನೋಡಿ. ಅದರ ಒಂದನೇ ದರ್ಜೆ 0.3ರಿಂದ 1.5 ಮೀಟರ್: ಹೊಗೆ ವಾಲುತ್ತದೆ, ಮುಖಕ್ಕೆ ಏನೂ ತಿಳಿಯುವುದಿಲ್ಲ. ಎರಡನೆಯದು 1.6ರಿಂದ 3.3: ಮುಖಕ್ಕೆ ತಾಗುತ್ತದೆ, ಎಲೆ ಸರಸರ ಎನ್ನುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಹೊಗೆ ಗಾಳಿಯೇ ಇಲ್ಲ ಎನಿಸುವ ಮುಂಜಾನೆಯಲ್ಲೂ ಒಂದು ಮಗ್ಗುಲಿಗೆ ಮಲಗಿರುತ್ತದೆ. ಹೊಗೆಗೆ ಗೊತ್ತಾಗಿ ಚರ್ಮಕ್ಕೆ ಗೊತ್ತಾಗದ ಆ ಗಾಳಿಯೇ ಐವತ್ತು ಮೀಟರಿನಲ್ಲಿ ಒಂದು ಅಂಕ ಕಸಿದಾಗಿದೆ. 300 ಮೀಟರ್ ಪಂದ್ಯದಲ್ಲಿ ಅಂಕಕ್ಕೆ ಅಂಕಕ್ಕೆ ನಡುವೆ 50 ಮಿಲಿಮೀಟರ್ ಅಂತರ; ನಮ್ಮ 7.62ರ ಗುಂಡಿಗೆ ಸೆಕೆಂಡಿಗೆ ಒಂದು ಮೀಟರ್ ಗಾಳಿಯೆಂದರೆ ಅಷ್ಟೇ ಸರಿತ. ಸಾವಿರ ಮೀಟರಿನಲ್ಲಿ ಇನ್ನೂ ಕಠಿಣ. ಎರಡನೇ ದರ್ಜೆಯ ಗಾಳಿ ಎಂದು ಸರಿಯಾಗಿಯೇ ಗುರುತಿಸಿದರೂ ಆ ದರ್ಜೆಯ ಮೇಲಂಚಿಗೂ ಕೆಳಅಂಚಿಗೂ ನಡುವೆ 1.7 ಮೀಟರ್ ವೇಗದ ವ್ಯತ್ಯಾಸವಿದೆ. ಗುರಿಹಲಗೆಯ ಮೇಲೆ ಅದು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್, ತಿರುಪಿನಲ್ಲಿ ಹನ್ನೆರಡು ಕಟಕ್. ಒಂದು ಕಟಕ್ಕಿನಷ್ಟು ನುಣುಪಾಗಿ ತಿರುಗುವ ಯಂತ್ರದ ಹಿಂದೆ ಹನ್ನೆರಡು ಕಟಕ್ಕಿನಷ್ಟು ಒರಟಾದ ಓದು ಕುಳಿತಿರುತ್ತದೆ. ತಿರುಪನ್ನು ಇನ್ನಷ್ಟು ನುಣುಪಾಗಿಸಿ ಮಾರುವವರ ಜಾಹೀರಾತಿನಲ್ಲಿ ಈ ಮಾತು ಬರುವುದಿಲ್ಲ.

ವೇಗದ ಜೊತೆ ದಿಕ್ಕೂ ಸೇರಿದಾಗ ವಿಷಯ ಸ್ವಾರಸ್ಯವಾಗುತ್ತದೆ. ಗುಂಡನ್ನು ಸರಿಸುವುದು ಗಾಳಿಯ ಅಡ್ಡ ಪಾಲು ಮಾತ್ರ. ಗುಂಡಿನ ದಾರಿಗೆ ನೆಟ್ಟಗೆ ಅಡ್ಡ ಬೀಸಿದರೆ ಪೂರ್ತಿ, ಮೂವತ್ತು ಡಿಗ್ರಿ ಓರೆಯಲ್ಲಿ ಬೀಸಿದರೆ ಅರ್ಧ. ನಲವತ್ತೈದು ಡಿಗ್ರಿಗೆ ಅರ್ಧ ಎಂದು ಲೆಕ್ಕ ಹಾಕುವವರು ಬಹಳ ಮಂದಿ. ನಿಜಕ್ಕೆ ಅಲ್ಲಿ ಹತ್ತರಲ್ಲಿ ಏಳು ಪಾಲು. ಇಲ್ಲಿಂದ ಒಂದು ವಿಚಿತ್ರ ಹುಟ್ಟುತ್ತದೆ. ಸೆಕೆಂಡಿಗೆ 4 ಮೀಟರಿನ ನೇರ ಅಡ್ಡಗಾಳಿ ಹದಿನೈದು ಡಿಗ್ರಿ ಆಚೀಚೆ ತೂಗಿದರೂ ಅದರ ಅಡ್ಡ ಪಾಲು ಕಡಿಮೆಯಾಗುವುದು ನೂರಕ್ಕೆ ಮೂರೂವರೆಯಷ್ಟು. ಅದೇ 4 ಮೀಟರ್ ಗಾಳಿ ಮುಖಕ್ಕೆ ನೇರ ಬೀಸುತ್ತಿದ್ದು ಹದಿನೈದು ಡಿಗ್ರಿ ಎಡಕ್ಕೆ, ಮತ್ತೆ ಹದಿನೈದು ಡಿಗ್ರಿ ಬಲಕ್ಕೆ ತೂಗಿದರೆ, ಸೊನ್ನೆ ಎಂದುಕೊಂಡಿದ್ದ ಅಡ್ಡ ಪಾಲು ಒಮ್ಮೆ ಎಡದಿಂದ ಒಂದು ಮೀಟರ್, ಮರುಗಳಿಗೆ ಬಲದಿಂದ ಒಂದು ಮೀಟರ್. ಸಾವಿರ ಮೀಟರಿನಲ್ಲಿ ಇದು ಒಂದೂವರೆ ಮೀಟರಿನ ಹೊಯ್ದಾಟ. ಹೊಸಬರು ಎದುರುಗಾಳಿ ಕಂಡರೆ ನಿಶ್ಚಿಂತರಾಗುತ್ತಾರೆ, ಪಳಗಿದವರು ಅಡ್ಡಗಾಳಿಯನ್ನು ಬಯಸುತ್ತಾರೆ. ಹೆಗ್ಗಡದೇವನಕೋಟೆ ಕಡೆಯ ಹಂಪಾಪುರದ ಬಯಲಿನಲ್ಲಿ ಗುಂಡಿನ ಮೈದಾನವೊಂದನ್ನು ಕಟ್ಟುವುದಾದರೆ ಎಂದು ಯೋಚಿಸಿ ನೋಡಿ. ಆಷಾಢದ ಗಾಳಿ ಅಲ್ಲಿಗೆ ಕೊಡಗು, ವಯನಾಡಿನ ಕಡೆಯಿಂದ, ಪಡುವಲಿಂದ ಬರುತ್ತದೆ. ಸೂರ್ಯ ಹೊಡೆಯುವವರ ಬೆನ್ನಿಗಿರಬೇಕೆಂಬ ಪಂದ್ಯದ ನಿಯಮಕ್ಕೆ ತಕ್ಕಂತೆ ಮೈದಾನ ಬಡಗಲಿಗೆ ಮುಖ ಮಾಡಿದರೆ ಆ ಗಾಳಿ ಎಡಮಗ್ಗುಲಿಂದ ಅಡ್ಡ ಹಾಯುತ್ತದೆ. ಕಷ್ಟದ ಗಾಳಿ ಎನಿಸೀತು. ಆದರೆ ದಿಕ್ಕು ನಿಂತ ಗಾಳಿ ಅದು, ಓದಬೇಕಾದದ್ದು ವೇಗವೊಂದನ್ನೇ. ಸುಲಭ ಆಗಲೆಂದು ಪಡುವಲಿಗೆ ಮುಖ ತಿರುಗಿಸಿದರೆ ಕಣ್ಣಿಗೆ ಕಾಣದ ಹೊಯ್ದಾಟವನ್ನು ಕೊಂಡುಕೊಂಡಂತೆ.

ಎರಡನೆಯ ಆಕ್ಷೇಪ ನಮ್ಮ ನೆರೆಯಿಂದಲೇ ಬರುತ್ತದೆ. ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿ ಕೋವಿ ಮನೆಯ ವಸ್ತು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ಕೊಟ್ಟ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರ ಕೇಂದ್ರದ ಆದೇಶದಂತೆ 2029ರವರೆಗೆ ಇದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಅಲ್ಲಿನ ಹಿರಿಯರು ಮಿಲ್ಲನ್ನೂ ಕಾಣರು, ಡಿಡಿಯಾನ್‌ನನ್ನೂ ಕಾಣರು, ಕಾಯಿ ಮಾತ್ರ ಒಡೆಯುತ್ತದೆ. ಹಾಗಾದರೆ ಈ ಲೆಕ್ಕವೆಲ್ಲ ಏಕೆ ಎಂಬುದು ಪ್ರಶ್ನೆ. ಹನ್ನೆರಡು ಸೆಂಟಿಮೀಟರಿನ ಕಾಯಿಯನ್ನು ಐವತ್ತು ಮೀಟರಿನಲ್ಲಿ ನೆಟ್ಟರೆ ಅದರ ಅಗಲ 2.4 ಮಿಲ್. ನಡುವಿಗೆ ಹಿಡಿದ .22 ಗುಂಡು ಕಾಯಿಯ ಅಂಚಿನಿಂದಾಚೆ ಹೋಗಬೇಕಾದರೆ ಸೆಕೆಂಡಿಗೆ ಹತ್ತು ಮೀಟರ್ ಅಡ್ಡಗಾಳಿ ಬೇಕು, ಅಂದರೆ ಎಲೆ ತುಂಬಿದ ಸಣ್ಣ ಮರಗಳು ತೂಗಾಡುವ ಹೊತ್ತು. ಅಲ್ಲಿ ಪರೀಕ್ಷೆ ಕೈಯದು, ಗಾಳಿಯದಲ್ಲ. ಕಾಯಿಯ ಗಾತ್ರವೇ ಲೆಕ್ಕವನ್ನು ನುಂಗಿಕೊಂಡಿದೆ. ಅದೇ ಕಾಯಿಯನ್ನು 500 ಮೀಟರಿಗೆ ಒಯ್ದರೆ ಕಾಲು ಮಿಲ್ ಕೂಡ ಉಳಿಯುವುದಿಲ್ಲ. ಆಗ ಅನುಭವಿಯೊಬ್ಬ ಗಾಳಿಯ ಕಡೆಗೆ ಎರಡು ಕಾಯಿಯಷ್ಟು ಬಿಟ್ಟು ಹಿಡಿ ಎಂದು ಹೇಳಿದರೆ, ಅವನು ಲೆಕ್ಕ ಬಿಟ್ಟಿದ್ದಾನೆಂದು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣುವ ಕಾಯಿಯ ಅಗಲವೂ ಒಂದು ಕೋನವೇ. ಅವನ ತಿರುಪಿನ ಅಳತೆ ತೆಂಗಿನಕಾಯಿ, ಅಷ್ಟೇ ವ್ಯತ್ಯಾಸ.

ಮೂರನೆಯ ಆಕ್ಷೇಪ ಯಂತ್ರದ್ದು. ಲೇಸರಿನಿಂದ ದೂರ ಅಳೆಯುವ ಉಪಕರಣ, ಅಂಗೈಯಲ್ಲಿ ಹಿಡಿಯುವ ಗಾಳಿಮಾಪಕ, ಫೋನಿನಲ್ಲೇ ಹಾರಾಟದ ಲೆಕ್ಕ ಮಾಡುವ ತಂತ್ರಾಂಶ ಎಲ್ಲ ಬಂದಿವೆ, ಇನ್ನು ಅಂದಾಜು ಎಲ್ಲಿಯದು ಎನ್ನುತ್ತಾರೆ. ಈ ಆಕ್ಷೇಪಕ್ಕೆ ತೂಕವಿದೆ. ದೂರದ ತಪ್ಪನ್ನು ಲೇಸರ್ ಬಹುಮಟ್ಟಿಗೆ ಅಳಿಸಿಹಾಕಿತು. ಅದರ ಫಲವೆಂದರೆ ಉಳಿದ ತಪ್ಪಿನಲ್ಲಿ ಗಾಳಿಯ ಪಾಲು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದೆ. ಕೈಯಲ್ಲಿನ ಮಾಪಕ ಹೇಳುವುದು ಕೈಯ ಸುತ್ತಲಿನ ಗಾಳಿಯನ್ನು, ಆ ಗಳಿಗೆಯದನ್ನು. ಗುಂಡು ಹಾಯಬೇಕಾದ ಒಂದು ಕಿಲೋಮೀಟರಿನಲ್ಲಿ ಒಂದು ಹಳ್ಳವಿದ್ದೀತು, ಒಂದು ಸರ್ವೆ ತೋಪಿನ ಮರೆ ಇದ್ದೀತು, ಆಮೇಲೆ ಬರೀ ಬಯಲು. ಮೂರು ಕಡೆ ಮೂರು ಗಾಳಿ. ಮೂರಕ್ಕೂ ಒಂದೇ ತೂಕವೂ ಇಲ್ಲ. ಹಾರಾಟದ ಮೊದಲ ಭಾಗದಲ್ಲಿ ಗಾಳಿ ಗುಂಡಿನ ದಾರಿಯನ್ನು ಓರೆ ಮಾಡಿದರೆ ಆ ಓರೆ ಉಳಿದ ದೂರವಿಡೀ ಅಗಲವಾಗುತ್ತ ಹೋಗುತ್ತದೆ. ಗುರಿಯ ಹತ್ತಿರ ಸಿಕ್ಕ ಓರೆಗೆ ಅಗಲವಾಗಲು ದೂರವೇ ಉಳಿದಿರುವುದಿಲ್ಲ. ಹೊಡೆಯುವವನ ಹತ್ತಿರದ ಗಾಳಿಗೆ ಹೆಚ್ಚು ಬೆಲೆ ಎಂಬುದು ಇದರಿಂದ. ಅಂತರರಾಷ್ಟ್ರೀಯ ನಿಯಮ 50 ಮೀಟರ್ ಮೈದಾನದಲ್ಲಿ ಗಾಳಿ ಬಾವುಟಗಳನ್ನು 10 ಮತ್ತು 30 ಮೀಟರಿನಲ್ಲಿ ನಿಲ್ಲಿಸುತ್ತದೆ. ಬಾವುಟಗಳು ಹೊಡೆಯುವವನ ಕಡೆಗೇ ಒತ್ತಾಗಿರುವುದನ್ನು ಗಮನಿಸಿ. ದಾರಿಯುದ್ದಕ್ಕೂ ಗಾಳಿ ಓದುವ ಯಂತ್ರ ಮುಂದೆ ಎಲ್ಲರ ಕೈಗೂ ಬರಬಹುದು. ಬಂದರೂ ಅದು ಹೇಳುವುದು ಕುದುರೆ ಎಳೆಯುವ ಮುಂಚಿನ ಗಾಳಿಯನ್ನು. ಗುಂಡು ಹಾಯುವುದು ಆಮೇಲಿನ ಎರಡು ಸೆಕೆಂಡಿನ ಗಾಳಿಯಲ್ಲಿ.

ಸೂಕ್ಷ್ಮಜ್ಞರು ಇನ್ನೆರಡು ಹೆಸರು ಹೇಳುತ್ತಾರೆ: ಗುಂಡಿನ ಸುತ್ತುವಿಕೆಯಿಂದಾಗುವ ಸರಿತ, ಭೂಮಿಯ ತಿರುಗಾಟದಿಂದಾಗುವ ಸರಿತ. ಎರಡೂ ನಿಜ. ನಮ್ಮ ಹನ್ನೆರಡು ಡಿಗ್ರಿ ಅಕ್ಷಾಂಶದಲ್ಲಿ ಭೂಮಿ ತಿರುಗುವುದರಿಂದ ಸಾವಿರ ಮೀಟರಿಗೆ ಪಕ್ಕಕ್ಕಾಗುವ ವ್ಯತ್ಯಾಸ ಮೂರು ಸೆಂಟಿಮೀಟರ್. ಗಾಳಿಯನ್ನು ಸೆಕೆಂಡಿಗೆ ಒಂದು ಮೀಟರ್ ತಪ್ಪಾಗಿ ಓದಿದರೆ ಎಪ್ಪತ್ತೆರಡು ಸೆಂಟಿಮೀಟರ್. ಮುಂದೆ ಹೋಗೋಣ.

ಗಾಳಿಯ ಅಂದಾಜು ಕೈಗೆ ಸಿಗದಿದ್ದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಮೈಸೂರಿನ ಇತಿಹಾಸದಲ್ಲೇ ಉತ್ತರವಿದೆ. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಕಥೆಯನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಒಂದು ಉಪನ್ಯಾಸದಲ್ಲಿ ವಿವರವಾಗಿ ಹೇಳಿದ್ದಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಉದ್ದನೆಯ ಬಿದಿರು ಕಟ್ಟಿದ ರಾಕೆಟ್ ಮದ್ದು ಉರಿಯುವಷ್ಟು ಹೊತ್ತು ಗಾಳಿಯ ಕಡೆಗೇ ಮೂತಿ ತಿರುಗಿಸಿ ಆ ಕಡೆಗೇ ಏರುತ್ತದೆ, ಮದ್ದು ಮುಗಿದ ಮೇಲೆ ಗಾಳಿಯ ಜೊತೆ ಸರಿಯುತ್ತದೆ. ಗುಂಡಿನದು ಒಂದೇ ದಿಕ್ಕಿನ ತಪ್ಪು, ರಾಕೆಟ್ಟಿನದು ಎರಡು ದಿಕ್ಕಿನದು. ಹಾರಿಸುವ ಕೋನವನ್ನು ಎಷ್ಟೇ ಚೆನ್ನಾಗಿ ಹಿಡಿದರೂ ಒಂದೊಂದನ್ನೂ ಗುರಿಗೆ ಮುಟ್ಟಿಸುವುದು ಆಗದ ಮಾತು. ಹಾಗಾಗಿ ಅವನ್ನು ಗುಂಪಾಗಿ, ಗುಂಪಿನ ಮೇಲೆ ಹಾರಿಸಿದರು. ಅಂದಾಜು ಕೈಕೊಟ್ಟ ಕಡೆ ಸಂಖ್ಯೆಯಿಂದ ತುಂಬುವ ಉಪಾಯ ಅದು. ಒಂದೇ ಗುಂಡಿಗೆ ಒಂದೇ ಅಂಕ ಕೊಡುವ ಪಂದ್ಯದಲ್ಲಿ ಆ ಉಪಾಯ ನಡೆಯುವುದಿಲ್ಲ.

ಇಷ್ಟು ಕೇಳಿದ ಮೇಲೆ ಒಬ್ಬರಾದರೂ, ಗಾಳಿ ಅಷ್ಟು ಹಿಡಿತಕ್ಕೆ ಸಿಗದಿದ್ದರೆ ಅಂಕವೆಲ್ಲ ಅದೃಷ್ಟವೇ ತಾನೆ ಎನ್ನುತ್ತಾರೆ. ಒಂದು ಗುಂಡಿನ ಮಟ್ಟಿಗೆ ಹೌದು ಎನ್ನಬಹುದು. ಅರವತ್ತು ಗುಂಡಿನ ಪಂದ್ಯದಲ್ಲಿ ಅದೃಷ್ಟ ಎರಡೂ ಕಡೆಗೆ ಸಮವಾಗಿ ಹಂಚಿಹೋಗುತ್ತದೆ, ಉಳಿಯುವುದು ಓದಿನ ಗುಣ. ಅಂದಾಜನ್ನು ಕಲಿಸಬಹುದು ಎಂಬುದಕ್ಕೆ ಗುರಿಹಲಗೆಯೇ ಸಾಕ್ಷಿ, ಏಕೆಂದರೆ ಡಿಡಿಯಾನ್ ಸೂತ್ರವನ್ನು ಹಿಂದುಮುಂದಾಗಿಯೂ ಬಳಸಬಹುದು. ನಮ್ಮ ಶಾಲೆ ಕಾಲೇಜುಗಳ ಎನ್‌ಸಿಸಿ ಮಕ್ಕಳು .22 ರೈಫಲ್ಲಿನಲ್ಲಿ ಹೊಡೆಯುವಾಗ ಗುಂಡುಗಳು ಎಷ್ಟು ಒತ್ತಾಗಿ ಬಿದ್ದವು ಎಂಬುದನ್ನಷ್ಟೇ ನೋಡುವ ರೂಢಿಯಿದೆ. ಕೈಯ ಶಿಸ್ತಿಗೆ ಅದು ಸರಿ. ಅದರ ಜೊತೆ ಮೈದಾನದಲ್ಲಿ ಹತ್ತು ಮೀಟರಿಗೊಂದು, ಮೂವತ್ತು ಮೀಟರಿಗೊಂದು ತೆಳುಬಟ್ಟೆಯ ಬಾವುಟ ನೆಟ್ಟು, ಪ್ರತಿ ಗುಂಡಿಗೂ ಮೊದಲು ಗಾಳಿ ಯಾವ ಕಡೆಯಿಂದ, ಸೆಕೆಂಡಿಗೆ ಎಷ್ಟು ಮೀಟರ್ ಎಂದು ಮಗು ಬರೆದಿಡಲಿ. ಗುರಿಯನ್ನು ಸರಿಸದೆ ನಡುವಿಗೇ ಹಿಡಿಯಲಿ. ಹತ್ತು ಗುಂಡು ಮುಗಿದ ಮೇಲೆ ಐವತ್ತು ಮೀಟರಿನ ಹಲಗೆಯಲ್ಲಿ ಆ ಹತ್ತರ ನಡುಬಿಂದು ಬಲಕ್ಕೆ 12 ಮಿಲಿಮೀಟರ್ ಸರಿದಿದ್ದರೆ, ಆರರಿಂದ ಭಾಗಿಸಿ: ಎಡದಿಂದ ಸೆಕೆಂಡಿಗೆ ಸರಾಸರಿ 2 ಮೀಟರ್ ಗಾಳಿ ಇತ್ತು. ಪುಸ್ತಕದಲ್ಲಿ ಮಗು ಒಂದು ಮೀಟರ್ ಎಂದು ಬರೆದಿದ್ದರೆ, ಆ ಬಾವುಟ ಅಷ್ಟು ಎತ್ತರಕ್ಕೆ ಎದ್ದಿದ್ದಾಗ ಗಾಳಿ ಎರಡಿತ್ತು ಎಂದು ಪಕ್ಕದಲ್ಲೇ ತಿದ್ದಿಕೊಂಡು ಮುಂದಿನ ಹತ್ತಕ್ಕೆ ಹೋಗಬಹುದು.